ಐವತ್ತು ದಿನದ ಸಾಲ, ವರ್ಷದ ಫಸಲು

ಶಿರಸಿಯಲ್ಲಿ ನಾನು ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಅಂಗಡಿಗಳ ಜಿಎಸ್‌ಟಿ, ಕೆಲವರ ಆದಾಯ ತೆರಿಗೆ, ಒಂದೆರಡು ಸಂಘಗಳ ಜಮಾಖರ್ಚು, ಇಷ್ಟೇ. ಕ್ರೆಡಿಟ್ ಕಾರ್ಡಿನ ಉಸಾಬರಿ ನನ್ನದಲ್ಲ. ಆದರೂ ಮಳೆ ಹಿಡಿದು ಕೂತ ಮೇಲೆ ನನ್ನ ಟೇಬಲ್ಲಿಗೆ ಕಾರ್ಡ್ ಬಿಲ್‌ಗಳು ಬರಲು ಶುರುವಾಗುತ್ತವೆ. ಜನವರಿಯಿಂದ ಏಪ್ರಿಲ್‌ವರೆಗೆ ಯಾರೂ ಕಾರ್ಡಿನ ಮಾತೆತ್ತುವುದಿಲ್ಲ. ಜೂನ್ ಕೊನೆಯಿಂದ ಚೌತಿವರೆಗೆ ಮಾತ್ರ ಬಂದವರೆಲ್ಲ ಫೋನ್ ಮುಂದೆ ಹಿಡಿಯುತ್ತಾರೆ. "ಇದೊಂದು ನೋಡಿ ಮಾರಾಯ್ರೆ, ಲೇಟ್ ಫೀ ಅಂತ ಎಂತದೋ ಹಾಕಿದ್ದಾರೆ."

ಲೇಟ್ ಫೀ ಬೀಳುವುದು ಮರೆವಿನಿಂದ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಫೋನಿನಲ್ಲಿ ಅಲಾರಂ ಇಡಿ, ಆಟೋ ಡೆಬಿಟ್ ಹಾಕಿ, ಮುಗಿಯಿತು. ತಿಂಗಳ ಸಂಬಳದವರಿಗೆ ಅಷ್ಟು ಸಾಕು. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಸಂಬಳದವರಲ್ಲ. ಅವರಿಗೆ ತಾರೀಖು ಚೆನ್ನಾಗಿ ನೆನಪಿದೆ. ಆ ತಾರೀಖಿಗೆ ಕೈಯಲ್ಲಿ ದುಡ್ಡಿಲ್ಲ, ತೊಂದರೆ ಅಲ್ಲಿದೆ.

ಅಡಿಕೆ ಕೊಯ್ಲು ಶುರುವಾಗುವುದು ನವೆಂಬರ್ ಹೊತ್ತಿಗೆ. ಮರ ಹತ್ತಿ ಕೊಯ್ಯುವ ಕೊನೆಗೌಡ ಸಿಗಬೇಕು, ಕೊನೆ ಇಳಿಯಬೇಕು, ಒಣಗಬೇಕು, ಸುಲಿಯಬೇಕು. ಚಾಲಿ ಮಾಡಿ ಮಾರುವ ಹೊತ್ತಿಗೆ ಬೇಸಿಗೆ ಬಂದಿರುತ್ತದೆ. ಬೇಯಿಸಿ ಕೆಂಪಡಿಕೆ ಮಾಡುವವರಿಗೆ ದುಡ್ಡು ಸ್ವಲ್ಪ ಮೊದಲೇ ಬರುತ್ತದೆ. ಜೂನ್ ಬಂತೆಂದರೆ ಮಾತ್ರ ಎಲ್ಲರಿಗೂ ಬರೀ ಖರ್ಚು. ಮಕ್ಕಳ ಕಾಲೇಜ್ ಫೀ, ಅಡಿಕೆಗೆ ಹೊಡೆಯುವ ಮದ್ದಿನ ಮೈಲುತುತ್ತ, ಸುಣ್ಣ, ಮದ್ದು ಹೊಡೆಯುವವರ ಕೂಲಿ. ಮಳೆ ಬಿಡದೆ ಹೊಡೆದು ಕೊಳೆ ರೋಗ ಶುರುವಾದರೆ ಇನ್ನೊಂದು ಸುತ್ತು ಮದ್ದು. ಜೂನ್‌ನಲ್ಲಿ ಖರ್ಚಾದದ್ದು ತೋಟದಿಂದ ವಾಪಸ್ ಬರುವುದು ಮುಂದಿನ ವರ್ಷ ಜನವರಿಯ ನಂತರ. ಇದರ ನಡುವೆ ಕ್ರೆಡಿಟ್ ಕಾರ್ಡ್ ಬಂದು ಕೂತಿದೆ. ಅದು ಎಷ್ಟೇ ಉದಾರವಾಗಿ ಕೊಟ್ಟರೂ ಐವತ್ತು ದಿನಕ್ಕೆ ದುಡ್ಡು ವಾಪಸ್ ಕೇಳುತ್ತದೆ.

ಮೊದಲೆಲ್ಲ ಈ ಗೋಳು ಇರಲಿಲ್ಲ. ಕಾರ್ಡ್ ಇದ್ದವರೂ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದಾಗ ಉಜ್ಜುತ್ತಿದ್ದರು. ಇಲ್ಲಿನ ಅಂಗಡಿಗಳಲ್ಲಿ ಕಾರ್ಡ್ ಮಷಿನ್ ಇದ್ದದ್ದೇ ಕಡಿಮೆ. 2022ರಲ್ಲಿ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ಅವಕಾಶ ಸಿಕ್ಕಿತು. ಅಲ್ಲಿಂದ ಕಥೆ ಬದಲಾಯಿತು. ಈಗ ದೇವಿಕೆರೆ ಹತ್ತಿರದ ಬೇಕರಿಯಲ್ಲೂ ಸ್ಕ್ಯಾನ್ ಮಾಡಿದರೆ ದುಡ್ಡು ಖಾತೆಯಿಂದ ಹೋಗಬಹುದು, ಕಾರ್ಡಿನಿಂದಲೂ ಹೋಗಬಹುದು. ಕೈಗೆ ಎರಡೂ ಒಂದೇ ಥರ. ಅದೇ ಪಿನ್ ಒತ್ತುವ ಕೆಲಸ. ಖಾತೆಯಲ್ಲಿ ದುಡ್ಡಿಲ್ಲ ಎಂದು ಗೊತ್ತಿದ್ದವರ ಬೆರಳು ತಾನಾಗಿ ಕಾರ್ಡಿನ ಕಡೆ ಹೋಗುತ್ತದೆ. ತಿಂಗಳ ಕೊನೆಗೆ ಬಿಲ್ ನೋಡಿದರೆ ಚಹಾ, ಪೆಟ್ರೋಲ್, ಔಷಧಿ, ಬಾಳೆಹಣ್ಣು. ದೊಡ್ಡ ಖರ್ಚು ಒಂದೂ ಇಲ್ಲ, ಮೊತ್ತ ಮಾತ್ರ ದೊಡ್ಡದು.

ಬಿಲ್ಲಿನ ಲೆಕ್ಕ ಒಮ್ಮೆ ಸರಿಯಾಗಿ ಗೊತ್ತಾದರೆ ಅರ್ಧ ತಲೆಬಿಸಿ ಇಳಿಯುತ್ತದೆ. ಕಾರ್ಡಿಗೆ ಎರಡು ತಾರೀಖುಗಳಿವೆ. ಒಂದು ಸ್ಟೇಟ್‌ಮೆಂಟ್ ತಾರೀಖು, ಅವತ್ತು ಲೆಕ್ಕ ಮುಚ್ಚಿ ಬಿಲ್ ಮಾಡುತ್ತಾರೆ. ಇನ್ನೊಂದು ಡ್ಯೂ ಡೇಟ್, ಕಟ್ಟಲು ಕೊನೆಯ ದಿನ. ಎಲ್ಲರೂ ಎರಡನೆಯದನ್ನು ನೆನಪಿಡುತ್ತಾರೆ. ನನ್ನ ಪ್ರಕಾರ ನೆನಪಿಡಬೇಕಾದದ್ದು ಮೊದಲನೆಯದನ್ನು.

ಒಂದು ಕಾರ್ಡಿನ ಸ್ಟೇಟ್‌ಮೆಂಟ್ ಪ್ರತಿ ತಿಂಗಳು 12ಕ್ಕೆ ಅಂದುಕೊಳ್ಳಿ. ಕಟ್ಟಲು ಅಲ್ಲಿಂದ 20 ದಿನ. ಹೋದ ತಿಂಗಳ 13ರಿಂದ ಈ ತಿಂಗಳ 12ರವರೆಗೆ ಮಾಡಿದ ಖರ್ಚೆಲ್ಲ ಒಂದು ಬಿಲ್‌ಗೆ ಸೇರುತ್ತದೆ. ಮೇ 13ಕ್ಕೆ ಏನಾದರೂ ಕೊಂಡರೆ ಅದು ಜೂನ್ 12ರ ಬಿಲ್‌ಗೆ ಬರುತ್ತದೆ, ಕಟ್ಟಬೇಕಾದದ್ದು ಜುಲೈ 2ಕ್ಕೆ. 50 ದಿನ ಬಡ್ಡಿ ಇಲ್ಲದ ದುಡ್ಡು. ಅದೇ ವಸ್ತುವನ್ನು ಜೂನ್ 12ಕ್ಕೆ ಕೊಂಡರೆ ಅದೂ ಅದೇ ಬಿಲ್‌ಗೆ ಬರುತ್ತದೆ, ಕಟ್ಟಬೇಕಾದದ್ದು ಅದೇ ಜುಲೈ 2. ಸಿಗುವುದು ಬರೀ 20 ದಿನ. ಒಂದು ದಿನ ತಡೆದು 13ಕ್ಕೆ ಕೊಂಡಿದ್ದರೆ ಆಗಸ್ಟ್‌ವರೆಗೆ ಸಮಯ ಇತ್ತು. ಬ್ಯಾಂಕಿನವರು "50 ದಿನದವರೆಗೆ ಬಡ್ಡಿರಹಿತ" ಎಂದು ಹೇಳಿದಾಗ ಆ "ವರೆಗೆ" ಕಿವಿಗೆ ಬೀಳುವುದೇ ಇಲ್ಲ, ಅಲ್ವಾ?

ಇದು ಎಷ್ಟು ಉಪಯೋಗಕ್ಕೆ ಬರುತ್ತದೆ ಎನ್ನುವುದು ನನಗೆ ಚೆನ್ನಾಗಿ ಅರ್ಥವಾದದ್ದು ಕಾರವಾರದಲ್ಲಿ. ನನಗೆ ಪರಿಚಯದವರೊಬ್ಬರು ಅಲ್ಲಿ ಬೋಟಿನ ವ್ಯವಹಾರದಲ್ಲಿದ್ದಾರೆ. ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ, ಒಟ್ಟು 61 ದಿನ. ಆ ಎರಡು ತಿಂಗಳು ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಆದಾಯ ಇಲ್ಲ. ಆದರೆ ಬಲೆ ಹೊಸದು ಬೇಕು, ಎಂಜಿನ್ ರಿಪೇರಿ ಆಗಬೇಕು, ಬಣ್ಣ ಬಳಿಯಬೇಕು. ಈ ಖರ್ಚೆಲ್ಲ ಜುಲೈಯಲ್ಲಿ. ಮೀನು ಸಿಕ್ಕು ದುಡ್ಡು ಕಾಣುವುದು ಆಗಸ್ಟ್‌ನಲ್ಲಿ.

ಅವರ ಕಾರ್ಡಿನ ಸ್ಟೇಟ್‌ಮೆಂಟ್ ಕೂಡ 12ಕ್ಕೇ. ಎಂಜಿನ್ನಿನ ಸಾಮಾನು ಜುಲೈ 10ಕ್ಕೆ ತಂದರೆ ಆಗಸ್ಟ್ 1ಕ್ಕೆ ಕಟ್ಟಬೇಕು. ಬೋಟು ಸಮುದ್ರಕ್ಕೆ ಇಳಿಯುವ ದಿನವೇ! ಜುಲೈ 15ಕ್ಕೆ ತಂದರೆ ಅದು ಆಗಸ್ಟ್ 12ರ ಬಿಲ್‌ಗೆ ಹೋಗಿ ಸೆಪ್ಟೆಂಬರ್ 1ಕ್ಕೆ ಕಟ್ಟಿದರೆ ಸಾಕು. ನಡುವೆ ಪೂರ್ತಿ ಒಂದು ತಿಂಗಳ ಮೀನುಗಾರಿಕೆ ಸಿಗುತ್ತದೆ. ಐದು ದಿನದ ವ್ಯತ್ಯಾಸ, ಒಂದು ತಿಂಗಳ ಉಸಿರು. ಅವರಿಗೆ ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಉಬ್ಬರ-ಇಳಿತ ನೋಡಿ ಬದುಕುವವರಿಗೆ ತಾರೀಖಿನ ಲೆಕ್ಕ ಬೇಗ ತಲೆಗೆ ಹತ್ತುತ್ತದೆ ಅಂತ ಕಾಣುತ್ತದೆ.

ಘಟ್ಟದ ಮೇಲಿನ ನಮಗೆ ಅಷ್ಟು ಸುಲಭ ಇಲ್ಲ. ಕರಾವಳಿಯವರ ಬಿಡುವು ಎರಡು ತಿಂಗಳದ್ದು, ಅದು ಕಾರ್ಡಿನ ಅಳತೆಗೆ ಹೆಚ್ಚುಕಡಿಮೆ ಹೊಂದುತ್ತದೆ. ನಮ್ಮದು ಆರೇಳು ತಿಂಗಳದ್ದು. ಹಾಗಾಗಿ ನನ್ನ ಹತ್ತಿರ ಬರುವ ತೋಟದವರಿಗೆ ನಾನು ಹೇಳುವುದು ಇಷ್ಟೇ: ಮೈಲುತುತ್ತವನ್ನು ಕಾರ್ಡಿನಲ್ಲಿ ತರಬೇಡಿ. ಅದಕ್ಕೆ ಬೆಳೆ ಸಾಲ ಇದೆ. ರಾಜ್ಯದಲ್ಲಿ ಸಹಕಾರಿ ಸಂಘಗಳ ಮೂಲಕ ಕೊಡುವ ಶೂನ್ಯ ಬಡ್ಡಿಯ ಬೆಳೆ ಸಾಲದ ಮಿತಿ 3 ಲಕ್ಷ ಇತ್ತು, 2023ರ ಬಜೆಟ್‌ನಲ್ಲಿ ಅದನ್ನು 5 ಲಕ್ಷಕ್ಕೆ ಏರಿಸಿದರು. ಆ ಸಾಲವನ್ನು ವರ್ಷದೊಳಗೆ, ಫಸಲು ಬಂದ ಮೇಲೆ ತೀರಿಸುವುದು. ಅಲ್ಲೂ ಒಂದು ಡ್ಯೂ ಡೇಟ್ ಇದೆ, ಅದನ್ನು ದಾಟಿದರೆ ಶೂನ್ಯ ಬಡ್ಡಿಯೂ ಹೋಗುತ್ತದೆ. ಆದರೆ ಸಂಘದ ಆ ತಾರೀಖನ್ನು ಯಾವ ತೋಟದವನೂ ತಪ್ಪಿಸುವುದನ್ನು ನಾನು ಹೆಚ್ಚು ಕಂಡಿಲ್ಲ. ಕೈಗಡ ತಂದಾದರೂ ಅವತ್ತು ಕಟ್ಟಿ, ಮರುದಿನ ಹೊಸ ಸಾಲ ಎತ್ತುತ್ತಾರೆ. ಅದೇ ಮನುಷ್ಯ ಕಾರ್ಡಿನ ತಾರೀಖು ಬಂದಾಗ "ಎರಡು ದಿನ ಆದ್ರೆ ಎಂತ ಆಗ್ತದೆ" ಎನ್ನುತ್ತಾನೆ. ಸಂಘದ ಕಾರ್ಯದರ್ಶಿ ಪೇಟೆಯಲ್ಲಿ ಎದುರಿಗೆ ಸಿಗುತ್ತಾರೆ. ಕಾರ್ಡಿನವರು ಸಿಗುವುದಿಲ್ಲ. ಕಾರಣ ಬಹುಶಃ ಅಷ್ಟೇ ಇರಬೇಕು.

ಎರಡು ದಿನ ಆದರೆ ಏನಾಗುತ್ತದೆ ಎನ್ನುವ ಪ್ರಶ್ನೆಗೆ ಉತ್ತರ ಇದೆ. ಆರ್‌ಬಿಐ 2022ರಲ್ಲಿ ಕಾರ್ಡುಗಳ ಬಗ್ಗೆ ಒಂದು ದೊಡ್ಡ ನಿರ್ದೇಶನ ಹೊರಡಿಸಿತು, ಆ ವರ್ಷ ಜುಲೈ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಡ್ಯೂ ಡೇಟ್ ದಾಟಿ ಮೂರು ದಿನಕ್ಕಿಂತ ಹೆಚ್ಚಾದರೆ ಮಾತ್ರ ಲೇಟ್ ಫೀ ಹಾಕಬಹುದು, ಜನರ ಸಾಲದ ದಾಖಲೆ ಇಡುವ ಸಿಬಿಲ್‌ನಂಥ ಸಂಸ್ಥೆಗಳಿಗೆ ಬಾಕಿ ಎಂದು ವರದಿ ಮಾಡಬಹುದು. ಡ್ಯೂ ಡೇಟ್ ಜುಲೈ 2 ಆದರೆ 5ರೊಳಗೆ ಕಟ್ಟಿದವರಿಗೆ ಲೇಟ್ ಫೀ ಹಾಕುವಂತಿಲ್ಲ. ಮೂರು ದಿನ ದಾಟಿತೋ, ತಡವಾದ ದಿನಗಳ ಲೆಕ್ಕ 2ರಿಂದಲೇ ಶುರು. ಇನ್ನೊಂದು ಮಾತೂ ಅದರಲ್ಲಿದೆ. ಲೇಟ್ ಫೀ ಹಾಕುವುದು ಡ್ಯೂ ಡೇಟ್ ನಂತರ ಉಳಿದ ಬಾಕಿಯ ಮೇಲೆ ಮಾತ್ರ, ಇಡೀ ಬಿಲ್‌ನ ಮೊತ್ತದ ಮೇಲೆ ಅಲ್ಲ.

ಈ ಮೂರು ದಿನದ ಸುದ್ದಿ ವಾಟ್ಸಾಪ್‌ನಲ್ಲಿ ಊರೆಲ್ಲ ಸುತ್ತಿದೆ. ಆದರೆ ಅರ್ಧ ಸುದ್ದಿ. ಆ ವಿನಾಯಿತಿ ಲೇಟ್ ಫೀಗೆ, ವರದಿಗೆ. ಬಡ್ಡಿಗೆ ಅಲ್ಲ. ಇಲ್ಲೇ ಎಲ್ಲರೂ ಎಡವುವುದು. ಲೇಟ್ ಫೀ ಕಣ್ಣಿಗೆ ಕಾಣುತ್ತದೆ, ಬಿಲ್‌ನಲ್ಲಿ ಒಂದು ಸಾಲಾಗಿ ಕೂತಿರುತ್ತದೆ, ಸಿಟ್ಟು ಬರುತ್ತದೆ. ಸಾಮಾನ್ಯವಾಗಿ ಬಾಕಿ ಜಾಸ್ತಿಯಾದಂತೆ ಹಂತ ಹಂತವಾಗಿ ಅದೂ ಜಾಸ್ತಿಯಾಗುತ್ತದೆ, ದೊಡ್ಡ ಬಾಕಿಗೆ ಸಾವಿರ ರೂಪಾಯಿ ದಾಟುವುದೂ ಉಂಟು, ಮೇಲೆ ಶೇ. 18ರ ಜಿಎಸ್‌ಟಿ. ಆದರೂ ಅದು ಒಂದು ಸಲದ ಪೆಟ್ಟು. ನಿಜವಾದ ನಷ್ಟ ಬಡ್ಡಿಯಿಲ್ಲದ ಸೌಲಭ್ಯ ಕೈತಪ್ಪುವುದರಲ್ಲಿದೆ. ಹಳೆ ಬಿಲ್‌ನಲ್ಲಿ ಬಾಕಿ ಉಳಿದಿದ್ದರೆ ಆ 50 ದಿನದ ಮಾತೇ ಇಲ್ಲ. ಇವತ್ತು ಕೊಂಡ ಚಹಾಪುಡಿಗೂ ಇವತ್ತಿನಿಂದಲೇ ಬಡ್ಡಿ. ಸಾಲ ತೀರದೆ ಕಾರ್ಡ್ ಉಜ್ಜುತ್ತಲೇ ಇರುವವರು ಪ್ರತಿ ಕಿರಾಣಿ ಸಾಮಾನಿಗೂ ಬಡ್ಡಿ ಸೇರಿಸಿ ಕೊಡುತ್ತಿರುತ್ತಾರೆ, ಅವರಿಗೇ ಗೊತ್ತಿಲ್ಲದೆ.

ಮಿನಿಮಮ್ ಡ್ಯೂ, ಅಂದರೆ ಲೇಟ್ ಫೀ ಬೀಳದಂತೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ ಅಂತ ಒಂದಿದೆಯಲ್ಲ, ಅದರ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಸಿಟ್ಟಿದೆ. ಒಬ್ಬರು ಅಕ್ಕೋರು, ಶಾಲೆಯ ಟೀಚರ್, ನಿವೃತ್ತಿಗೆ ಹತ್ತಿರ ಇರುವವರು, ತಮ್ಮ ಬಿಲ್ ತೋರಿಸಿದರು. "ನಂದು ಆಟೋ ಡೆಬಿಟ್ ಇದೆ, ತೊಂದರೆ ಇಲ್ಲ. ಆದ್ರೆ ಸಾಲ ಮಾತ್ರ ಇಳೀತಾನೇ ಇಲ್ಲ" ಎಂದರು. ಆಟೋ ಡೆಬಿಟ್ ಇತ್ತು, ಹೌದು. ಆದರೆ ಅದು ಮಿನಿಮಮ್ ಮೊತ್ತಕ್ಕೆ ಇತ್ತು. ಅರ್ಜಿ ತುಂಬಿಸಿದ ಹುಡುಗ ಯಾವ ಚೌಕಕ್ಕೆ ಟಿಕ್ ಹಾಕಿದ್ದನೋ, ಅಕ್ಕೋರು ನೋಡಿರಲಿಲ್ಲ. ಪ್ರತಿ ತಿಂಗಳು ಹೊತ್ತಿಗೆ ಸರಿಯಾಗಿ ದುಡ್ಡು ಹೋಗುತ್ತಿತ್ತು, ಲೇಟ್ ಫೀ ಒಂದು ಸಲವೂ ಬಿದ್ದಿರಲಿಲ್ಲ. ಹಾಗಾಗಿ ಎಲ್ಲ ಸರಿ ಇದೆ ಅಂತ ಅವರು ನಂಬಿದ್ದರು.

ಅವರಿಗೆ ಕಾಗದದ ಮೇಲೆ ಬರೆದು ತೋರಿಸಿದ ಲೆಕ್ಕ ಇದು. ಬಿಲ್ 30,000 ರೂಪಾಯಿ. ಮಿನಿಮಮ್ ಶೇ. 5 ಅಂದರೆ 1,500. ಅದನ್ನು ಕಟ್ಟಿದಿರಿ, ಉಳಿದದ್ದು 28,500. ತಿಂಗಳಿಗೆ ಶೇ. 3.5 ಬಡ್ಡಿ ಎಂದರೆ ಸುಮಾರು 998 ರೂಪಾಯಿ. ಬಡ್ಡಿಯ ಮೇಲೆ ಶೇ. 18ರ ಜಿಎಸ್‌ಟಿ ಸೇರಿ ಹತ್ತಿರ ಹತ್ತಿರ 1,177. ಅಂದರೆ ನೀವು ಕಟ್ಟಿದ 1,500ರಲ್ಲಿ ಸಾಲ ನಿಜವಾಗಿ ಇಳಿದದ್ದು ಮುನ್ನೂರು ಚಿಲ್ಲರೆ. ಅದೂ ಆ ತಿಂಗಳು ಹೊಸದಾಗಿ ಒಂದು ರೂಪಾಯಿಯೂ ಖರ್ಚು ಮಾಡದಿದ್ದರೆ. ಬಡ್ಡಿಯನ್ನು ಡ್ಯೂ ಡೇಟಿನಿಂದ ಅಲ್ಲ, ವಸ್ತು ಕೊಂಡ ದಿನದಿಂದ ಎಣಿಸುವ ರೂಢಿ ಇರುವುದರಿಂದ ಮೊದಲ ತಿಂಗಳ ಹೊರೆ ಇದಕ್ಕಿಂತ ಭಾರವಾಗಿಯೇ ಇರುತ್ತದೆ. ತಿಂಗಳಿಗೆ ಮೂರೂವರೆ ಎಂದರೆ ವರ್ಷಕ್ಕೆ ಶೇ. 42. ಅಕ್ಕೋರು ಗಣಿತ ಕಲಿಸಿದವರು. ಒಂದು ಮಾತೂ ಆಡದೆ ಆ ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡರು.

ಮಿನಿಮಮ್ ಮಾತ್ರ ಕಟ್ಟುತ್ತಿದ್ದರೆ ಸಾಲ ತೀರಲು ತಿಂಗಳುಗಳು, ವರ್ಷಗಳು ಹಿಡಿಯುತ್ತವೆ ಎಂಬ ಎಚ್ಚರಿಕೆಯನ್ನು ಬಿಲ್‌ನಲ್ಲೇ ಮುದ್ರಿಸಬೇಕು ಎಂದು ಆರ್‌ಬಿಐ ಹೇಳಿದೆ. ಮುದ್ರಿಸಿಯೂ ಇರುತ್ತಾರೆ. ಎಲ್ಲಿ, ಯಾವ ಅಕ್ಷರದಲ್ಲಿ ಎನ್ನುವುದನ್ನು ನಿಮ್ಮ ಬಿಲ್ ತೆಗೆದು ನೀವೇ ನೋಡಿ.

ಇಷ್ಟು ಬಡ್ಡಿ ಹಾಕಲು ಕಾನೂನು ಬಿಡುತ್ತದೆಯೇ ಎಂದು ಹಲವರು ಕೇಳುತ್ತಾರೆ. ಕಾರ್ಡಿನ ಮೇಲೆ ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನ್ಯಾಯದ ವ್ಯವಹಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದು ಮಾಡಿತು. ಹಾಗಾಗಿ ಆ ಕಡೆಯಿಂದ ಯಾರಾದರೂ ಬಂದು ಬಿಡಿಸುತ್ತಾರೆ ಎನ್ನುವ ಆಸೆ ಬೇಡ.

ಪೂರ್ತಿ ಕಟ್ಟಲು ಆಗದಿದ್ದರೆ? ಆಗ ಕಾರ್ಡಿನ ಸಾಲವನ್ನು ಕಾರ್ಡಿನಲ್ಲೇ ಇಟ್ಟುಕೊಂಡು ಕೂರಬಾರದು. ಬೇರೆ ಕಡೆಯ ಕಡಿಮೆ ಬಡ್ಡಿಯ ದುಡ್ಡು ತಂದು ಅದನ್ನು ತೀರಿಸಬೇಕು. ನಮ್ಮಲ್ಲಿ ಬಂಗಾರದ ಸಾಲ ಸಂಘದಲ್ಲೇ ಸಿಗುತ್ತದೆ. ಅದರ ಬಡ್ಡಿ ಸಾಮಾನ್ಯವಾಗಿ ಕಾರ್ಡಿನ ಬಡ್ಡಿಯ ಮೂರನೆಯ ಒಂದು ಭಾಗದ ಆಸುಪಾಸು. ಮನೆಯಲ್ಲಿ ಬಂಗಾರದ ಸುದ್ದಿ ಎತ್ತುವುದು ಕಷ್ಟ, ಗೊತ್ತು. ಆದರೂ ಒಂದು ಬಳೆ ಆರು ತಿಂಗಳು ಸಂಘದ ತಿಜೋರಿಯಲ್ಲಿ ಇರುವುದು ವರ್ಷಕ್ಕೆ 42 ಕಟ್ಟುವುದಕ್ಕಿಂತ ವಾಸಿ.

ಎಟಿಎಂ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಕೊಯ್ಲಿನ ಹೊತ್ತಿಗೆ ಕೂಲಿಗೆ ನಗದು ಬೇಕು ಅಂತ ಕ್ರೆಡಿಟ್ ಕಾರ್ಡ್ ಹಾಕಿ ದುಡ್ಡು ತೆಗೆಯುವವರು ಇದ್ದಾರೆ. ನಗದಿಗೆ ಬಡ್ಡಿಯಿಲ್ಲದ ದಿನ ಒಂದೂ ಇಲ್ಲ, ತೆಗೆದ ದಿನದಿಂದಲೇ ಶುರು, ಮೇಲೆ ಫೀ ಬೇರೆ. ಬೇಡ.

ಇನ್ನು ಮಳೆಗಾಲದ ನಿಜವಾದ ಕಾಟ. ದುಡ್ಡಿದೆ, ಮನಸ್ಸಿದೆ, ತಾರೀಖೂ ನೆನಪಿದೆ. ನೆಟ್‌ವರ್ಕ್ ಇಲ್ಲ. ಸಿದ್ದಾಪುರ, ಯಲ್ಲಾಪುರ ಕಡೆಯ ಹಳ್ಳಿಗಳಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರ ಬಿದ್ದು ಲೈನ್ ಹರಿಯುತ್ತದೆ, ಕರೆಂಟ್ ಹೋಗುತ್ತದೆ, ಮರುದಿನ ಟವರ್ ಬಂದ್. ಮನೆಯ ಹಿಂದಿನ ಗುಡ್ಡ ಹತ್ತಿದರೆ ಒಂದು ಕಡ್ಡಿ ಸಿಗ್ನಲ್ ಬರುತ್ತದೆ, ಒಟಿಪಿ ಮಾತ್ರ ಬರುವುದಿಲ್ಲ. ಬರುವ ಹೊತ್ತಿಗೆ ಅದರ ಅವಧಿ ಮುಗಿದಿರುತ್ತದೆ. ಗುಡ್ಡ ಕುಸಿದು ರಸ್ತೆ ಬಂದಾದರೆ ಪೇಟೆಗೆ ಬರುವುದೂ ಕಷ್ಟ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಮುಚ್ಚಿಹೋಯಿತು. ಅಂಥ ದೊಡ್ಡ ದುರಂತದ ಮುಂದೆ ಕಾರ್ಡಿನ ಬಿಲ್ ಯಾರಿಗೂ ನೆನಪಾಗುವ ವಿಷಯವಲ್ಲ. ಆದರೆ ಕಂಪ್ಯೂಟರಿಗೆ ಅದು ಗೊತ್ತಾಗುವುದಿಲ್ಲ. ಅದು ತಾರೀಖು ಮಾತ್ರ ನೋಡುತ್ತದೆ.

ಹಾಗಾಗಿ ಡ್ಯೂ ಡೇಟಿಗೆ ಕಟ್ಟುತ್ತೇನೆ ಎನ್ನುವುದು ಬೆಂಗಳೂರಿನಲ್ಲಿ ನಡೆಯುವ ಮಾತು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬಿಲ್ ಬಂದ ವಾರದಲ್ಲೇ ಕಟ್ಟಿ ಕೈತೊಳೆದುಕೊಳ್ಳುವುದು ಒಳ್ಳೆಯದು. ಬೇರೆ ಬೇರೆ ಆ್ಯಪ್‌ಗಳಲ್ಲಿ ಕಟ್ಟಿದ ದುಡ್ಡು ಕಾರ್ಡಿಗೆ ಜಮೆಯಾಗಲು ಕೆಲವು ಸಲ ಒಂದೆರಡು ದಿನ ಹಿಡಿಯುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಫೋನೇ ಕೆಲಸ ಮಾಡದಿದ್ದರೆ ಇನ್ನೊಂದು ದಾರಿ ಇದೆ, ಇದು ಹೆಚ್ಚಿನವರಿಗೆ ಗೊತ್ತಿಲ್ಲ. ತುಂಬಾ ಬ್ಯಾಂಕುಗಳಲ್ಲಿ ಕಾರ್ಡಿನ ನಂಬರನ್ನೇ ಖಾತೆ ನಂಬರಿನ ಹಾಗೆ ಬರೆದು ನೆಫ್ಟ್, ಅಂದರೆ ಬ್ಯಾಂಕಿನಿಂದ ಬ್ಯಾಂಕಿಗೆ ದುಡ್ಡು ವರ್ಗಾವಣೆ, ಮಾಡಬಹುದು. ಅದಕ್ಕೆ ಬೇಕಾದ ಐಎಫ್‌ಎಸ್‌ಸಿ ಕೋಡ್ ಬಿಲ್‌ನಲ್ಲೋ ಬ್ಯಾಂಕಿನ ವೆಬ್‌ಸೈಟ್‌ನಲ್ಲೋ ಇರುತ್ತದೆ. ಪೇಟೆಯ ನಿಮ್ಮ ಬ್ಯಾಂಕಿನ ಕೌಂಟರಿಗೆ ಹೋಗಿ ಚೀಟಿ ತುಂಬಿ ಕೊಟ್ಟರೆ ಆಯಿತು, ಒಟಿಪಿಯ ಹಂಗಿಲ್ಲ. ಆ ಕೋಡ್ ಮತ್ತು ನಂಬರ್ ಮೊದಲೇ ಡೈರಿಯಲ್ಲಿ ಬರೆದಿಟ್ಟಿರಬೇಕು ಅಷ್ಟೇ. 2019ರ ಡಿಸೆಂಬರ್‌ನಿಂದ ನೆಫ್ಟ್ ದಿನದ 24 ಗಂಟೆಯೂ ನಡೆಯುತ್ತಿದೆ, ನೆಟ್ ಬ್ಯಾಂಕಿಂಗ್ ಇದ್ದವರು ಭಾನುವಾರ ರಾತ್ರಿಯೂ ಕಳಿಸಬಹುದು.

ಬಿಲ್ ಬರುವವರೆಗೂ ಕಾಯಬೇಕು ಎನ್ನುವುದೂ ಇಲ್ಲ. ಇಲ್ಲಿನ ಕಿರಾಣಿ ಅಂಗಡಿಯವರೊಬ್ಬರು ಕಾರ್ಡಿಗೆ ವಾರಕ್ಕೊಮ್ಮೆ, ಗಲ್ಲಾದಲ್ಲಿ ಉಳಿದದ್ದರಲ್ಲಿ ಒಂದಿಷ್ಟು ಹಾಕುತ್ತಾರೆ. ಥೇಟ್ ಪಿಗ್ಮಿ ಕಟ್ಟಿದ ಹಾಗೆ. ಪಿಗ್ಮಿ ನಮ್ಮ ಕರಾವಳಿಯದೇ ಪದ್ಧತಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಉಡುಪಿಯಲ್ಲಿ ಶುರು ಮಾಡಿದ್ದು, ದಿನಕ್ಕೆ ಎರಡಾಣೆಯಿಂದ. ದಿನದ ದುಡಿಮೆಯವರಿಗೆ ತಿಂಗಳ ಕೊನೆಗೆ ದೊಡ್ಡ ಮೊತ್ತ ಒಟ್ಟು ಮಾಡುವುದು ಕಷ್ಟ ಎನ್ನುವುದು ಆಗಿನವರಿಗೇ ಗೊತ್ತಿತ್ತು. ಈ ಅಂಗಡಿಯವರ ಕಾರ್ಡ್ ಬಿಲ್ ಬರುವ ಹೊತ್ತಿಗೆ ಉಳಿದಿರುವುದು ಚಿಲ್ಲರೆ ಬಾಕಿ. ಮುಂಚೆ ಕಟ್ಟಿದರೆ 50 ದಿನದ ಲಾಭ ಹೋಯಿತಲ್ಲ ಅಂತ ಲೆಕ್ಕ ಬಲ್ಲವರು ಹೇಳಬಹುದು. ಹೋಗಲಿ ಬಿಡಿ. ಆ ಲಾಭ ಉಳಿತಾಯ ಖಾತೆಯಲ್ಲಿ ಎಷ್ಟು ಬಡ್ಡಿ ತರುತ್ತಿತ್ತು, ನೀವೇ ಹೇಳಿ.

ತಾರೀಖೇ ಹೊಂದುತ್ತಿಲ್ಲ ಎನ್ನುವವರು ಅದನ್ನು ಬದಲಿಸಬಹುದು. ಕಾರ್ಡುದಾರ ತನ್ನ ಬಿಲ್ಲಿಂಗ್ ಅವಧಿಯನ್ನು ಕನಿಷ್ಠ ಒಂದು ಸಲವಾದರೂ ಅನುಕೂಲಕ್ಕೆ ತಕ್ಕಂತೆ ಬದಲಿಸಿಕೊಳ್ಳಲು ಅವಕಾಶ ಕೊಡಬೇಕು ಎಂದು ಆರ್‌ಬಿಐ ನಿಯಮವಿದೆ. 2024ರ ಮಾರ್ಚ್‌ನಲ್ಲಿ ತಿದ್ದುಪಡಿಯಾದಾಗ ಈ "ಕನಿಷ್ಠ" ಸೇರಿತು, ಅದಕ್ಕೆ ಮೊದಲು ಒಂದೇ ಸಲ ಎಂದಿತ್ತು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಬೇಕು, ಕೆಲವರದ್ದು ಆ್ಯಪ್‌ನಲ್ಲೇ ಆಗುತ್ತದೆ. ಬದಲಿಸಿದ ಮೇಲೆ ಮೊದಲ ಬಿಲ್‌ನ ಅವಧಿ ಉದ್ದವೋ ಗಿಡ್ಡವೋ ಆಗಿರುತ್ತದೆ, ಆ ಒಂದು ತಿಂಗಳು ಸ್ವಲ್ಪ ಕಣ್ಣಿಟ್ಟಿರಿ.

ಯಾವ ತಾರೀಖು ಒಳ್ಳೆಯದು? ಕೈಗಾದಲ್ಲೋ ಕಾರವಾರದ ನೌಕಾನೆಲೆಯಲ್ಲೋ ಕೆಲಸ ಮಾಡುವವರಿಗೆ ಸಂಬಳ ತಿಂಗಳ ಕೊನೆಗೆ ಬೀಳುತ್ತದೆ. ಅವರ ಡ್ಯೂ ಡೇಟ್ 5ರ ಸುತ್ತಮುತ್ತ ಇದ್ದರೆ ಸಾಕು, ಅಂದರೆ ಸ್ಟೇಟ್‌ಮೆಂಟ್ 15ರ ಹೊತ್ತಿಗೆ. ಅದೇ ಡ್ಯೂ ಡೇಟ್ 27ಕ್ಕಿದ್ದರೆ ಸಂಬಳ ಖಾಲಿಯಾಗಿ ಪರದಾಡುವ ವಾರದಲ್ಲೇ ಬಿಲ್ ಬಂದು ನಿಲ್ಲುತ್ತದೆ. ಬಾಡಿಗೆ ಬರುವವರು ಬಾಡಿಗೆ ಬರುವ ದಿನ ನೋಡಿ, ಪಿಂಚಣಿಯವರು ಪಿಂಚಣಿಯ ದಿನ ನೋಡಿ. ತೋಟದವರಿಗೆ ಯಾವ ತಾರೀಖೂ ಒಂದೇ. ಅವರಿಗೆ ತಿಂಗಳು ಮುಖ್ಯ, ತಾರೀಖಲ್ಲ. ಬೇಸಿಗೆಯಲ್ಲಿ ಅಡಿಕೆ ಮಾರಿದ ದುಡ್ಡಿನಲ್ಲಿ ಮಳೆಗಾಲದ ನಾಲ್ಕು ತಿಂಗಳ ಕಾರ್ಡಿನ ಖರ್ಚಿನಷ್ಟನ್ನು ಬೇರೆ ಖಾತೆಯಲ್ಲಿ ತೆಗೆದಿಡಿ, ಆಟೋ ಡೆಬಿಟ್ ಆ ಖಾತೆಗೆ ಹಾಕಿ, ಟೋಟಲ್ ಅಮೌಂಟ್ ಎನ್ನುವ ಚೌಕಕ್ಕೇ ಟಿಕ್ ಮಾಡಿ. ಆ ಖಾತೆಯಲ್ಲಿ ದುಡ್ಡು ತೀರಿದ ದಿನ ಕಾರ್ಡನ್ನೂ ಒಳಗಿಡಿ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಈ ಶಿಸ್ತು ಉಳಿಯುತ್ತದೆ ಅಂತ ನಾನು ಹೇಳುವುದಿಲ್ಲ. ಜಾತ್ರೆ ಬರುವುದು ಅಡಿಕೆ ದುಡ್ಡು ಕೈಯಲ್ಲಿರುವ ಕಾಲದಲ್ಲಿ, ಅಮ್ಮನ ದಯೆ.

ಮಕ್ಕಳು ಬೆಂಗಳೂರಿನಲ್ಲಿರುವ ಮನೆಗಳದ್ದು ಬೇರೆಯೇ ತೊಡಕು. ಮಗ ತನ್ನ ಕಾರ್ಡಿನ ಮೇಲೆ ಅಪ್ಪನಿಗೊಂದು ಆ್ಯಡ್-ಆನ್ ಕಾರ್ಡ್ ಕೊಡಿಸುತ್ತಾನೆ. ಖರ್ಚು ಇಲ್ಲಿ, ಮೆಸೇಜ್ ಅಲ್ಲಿ. ಇಲ್ಲವೇ ಅಪ್ಪನ ಹೆಸರಲ್ಲೇ ಕಾರ್ಡ್ ಇರುತ್ತದೆ, ಆದರೆ ಇ-ಮೇಲ್ ಮಗ ಯಾವಾಗಲೋ ಮಾಡಿಕೊಟ್ಟದ್ದು, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಬಿಲ್ ಅಲ್ಲಿ ಹೋಗಿ ಬೀಳುತ್ತಿರುತ್ತದೆ. ಬಿಲ್ ಬಂದಿಲ್ಲ ಎಂದು ಜಗಳ ಮಾಡಲು ಹೋದರೆ ಕಳಿಸಿದ್ದೇವೆ ಎನ್ನುವ ದಾಖಲೆ ಅವರ ಹತ್ತಿರ ಇರುತ್ತದೆ. ಇದನ್ನು ಸರಿಮಾಡಲು ದೊಡ್ಡ ವಿದ್ಯೆ ಬೇಡ. ಚೌತಿಗೆ ಮಗ ಮನೆಗೆ ಬಂದಾಗ ಫೋನ್ ನಂಬರ್, ಇ-ಮೇಲ್ ಎರಡನ್ನೂ ಅವನ ಎದುರಿಗೇ ಬದಲಿಸಿ. ಚಕ್ಕುಲಿ ಆಮೇಲೆ ಕೊಡಿ.

ಬಾಕಿಯ ವರದಿ ಈಗ ಮೊದಲಿಗಿಂತ ಬೇಗ ಹೋಗುತ್ತದೆ. ಹಿಂದೆ ತಿಂಗಳಿಗೊಮ್ಮೆ ಕಳಿಸುತ್ತಿದ್ದದ್ದನ್ನು 2025ರ ಜನವರಿಯಿಂದ ಹದಿನೈದು ದಿನಕ್ಕೊಮ್ಮೆ ಕಳಿಸಬೇಕು ಎಂದಾಯಿತು. ಗೃಹಸಾಲಕ್ಕೋ ಟಿಪ್ಪರ್ ಸಾಲಕ್ಕೋ ಅರ್ಜಿ ಹಾಕುವ ಮೊದಲು ನಿಮ್ಮ ವರದಿ ಒಮ್ಮೆ ತೆಗೆದು ನೋಡುವುದು ಒಳ್ಳೆಯದು. ವರ್ಷಕ್ಕೊಂದು ಪೂರ್ತಿ ವರದಿಯನ್ನು ಸಿಬಿಲ್‌ನಂಥ ಪ್ರತಿ ಸಂಸ್ಥೆಯೂ ಪುಕ್ಕಟೆ ಕೊಡಬೇಕು. ಅಲ್ಲಿ ನಿಮಗೇ ಗೊತ್ತಿಲ್ಲದ ಒಂದು ಕಾರ್ಡ್ ಸಿಕ್ಕರೂ ಆಶ್ಚರ್ಯಪಡಬೇಡಿ.

ಗೊತ್ತಿಲ್ಲದ ಅಥವಾ ಮರೆತ ಕಾರ್ಡುಗಳ ಕಾಟ ಕಡಿಮೆಯದ್ದಲ್ಲ. ಪೇಟೆಯ ಯಾವುದೋ ಮೇಳದಲ್ಲಿ "ಲೈಫ್ ಟೈಮ್ ಫ್ರೀ" ಅಂತ ಕೊಟ್ಟದ್ದು, ಒಮ್ಮೆಯೂ ಉಜ್ಜದೆ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ. ಕೆಲವು ಸಲ ನಿಜಕ್ಕೂ ಅದು ಫ್ರೀ ಆಗಿರುವುದಿಲ್ಲ, ಎರಡನೆಯ ವರ್ಷದಿಂದ ವಾರ್ಷಿಕ ಫೀ ಬೀಳುತ್ತದೆ. ಅದನ್ನು ಕಟ್ಟಲಿಲ್ಲ ಎಂದು ಲೇಟ್ ಫೀ, ಅದರ ಮೇಲೆ ಜಿಎಸ್‌ಟಿ. ಕಾರ್ಡ್ ಬಳಸದವರಿಗೂ ಲೇಟ್ ಫೀ ಬೀಳಬಹುದು ಎಂದರೆ ಜನ ನಂಬುವುದೇ ಇಲ್ಲ. ಬೇಡದ ಕಾರ್ಡನ್ನು ಮುಚ್ಚಿಸಿಬಿಡಿ. ಬಾಕಿ ಏನೂ ಇಲ್ಲದಿದ್ದರೆ, ಅರ್ಜಿ ಕೊಟ್ಟ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡ ಮಾಡಿದರೆ ಮುಚ್ಚುವವರೆಗೆ ದಿನಕ್ಕೆ 500 ರೂಪಾಯಿಯಂತೆ ಅವರೇ ನಿಮಗೆ ಕೊಡಬೇಕು. ಈ ಒಂದು ಕಡೆ ಲೇಟ್ ಫೀ ಉಲ್ಟಾ ಬರುತ್ತದೆ.

ಹೋದ ಮಳೆಗಾಲದಲ್ಲಿ ನಿವೃತ್ತ ಮಾಸ್ತರರೊಬ್ಬರಿಗೆ ಇದನ್ನು ಹೇಳಿದೆ. ಅವರು ಜೇಬಿನಿಂದ ಕಾರ್ಡ್ ತೆಗೆದು "ಕತ್ತರಿ ಕೊಡಿ, ಇಲ್ಲೇ ತುಂಡು ಮಾಡ್ತೆ" ಎಂದು ಎದ್ದೇ ನಿಂತರು. ತಡೆಯಿರಿ ಮಾಸ್ತರೇ, ಎಂದೆ. ಮೊದಲು ಇ-ಮೇಲ್ ಕಳಿಸೋಣ, ಕಳಿಸಿದ ತಾರೀಖು ಬರೆದಿಡೋಣ. ಖಾತೆ ಮುಚ್ಚಿದೆ ಎನ್ನುವ ಮೆಸೇಜ್ ಬರುವವರೆಗೆ ಆ ನಂಬರ್ ಬೇಕು.